ಹೇಳಿಕೆ–ತೀರ್ಮಾನ: ಕೀ ಉತ್ತರದ ಜೊತೆ ಕಾರಣವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗಳ ಪುಟದಲ್ಲಿ ‘ಹೇಳಿಕೆಗಳು ಮತ್ತು ತೀರ್ಮಾನಗಳು’ ಎಂಬ ತಲೆಬರಹದಡಿ ಪ್ರಶ್ನೆಗಳು ಬರುತ್ತವೆ. ಪಿಎಸ್‌ಐ, ಕೆಎಎಸ್, ಬ್ಯಾಂಕ್ ಪರೀಕ್ಷೆಗೆ ಓದುವವರು ಅವನ್ನು ಕತ್ತರಿಸಿ ಇಟ್ಟುಕೊಂಡು ಬಿಡಿಸುತ್ತಾರೆ. ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ ಕೀ ಉತ್ತರ ಇರುತ್ತದೆ: 1–ಬಿ, 2–ಡಿ, 3–ಎ. ಬಿ ಯಾಕೆ, ಎ ಯಾಕಲ್ಲ ಎಂಬುದು ಇರುವುದಿಲ್ಲ. ಇತಿಹಾಸದ ಪ್ರಶ್ನೆಗೆ ಇಷ್ಟು ನಡೆದೀತು, ಇಸವಿ ಗೊತ್ತಾದರೆ ಕೆಲಸ ಮುಗಿಯಿತು. ತರ್ಕದ ಪ್ರಶ್ನೆಯಲ್ಲಿ ಕಾರಣವೇ ಉತ್ತರ. ಕಾರಣ ತಿಳಿಯದೆ ‘ಬಿ’ ಎಂದು ಗುರುತು ಹಾಕಿಕೊಂಡವರು ಮುಂದಿನ ಪ್ರಶ್ನೆಗೆ ಮತ್ತೆ ಊಹೆಯನ್ನೇ ನಂಬಬೇಕಾಗುತ್ತದೆ.

ಒಂದು ಪ್ರಶ್ನೆಯನ್ನು ಬಿಡಿಸಿ ತೋರಿಸಿದರೆ ನಾನು ಹೇಳುವುದು ಸ್ಪಷ್ಟವಾದೀತು.

ಹೇಳಿಕೆ 1: ಎಲ್ಲ ಅಡಿಕೆ ಬೆಳೆಗಾರರು ರೈತರು. ಹೇಳಿಕೆ 2: ಕೆಲವು ರೈತರು ಸಾಲಗಾರರು. ತೀರ್ಮಾನ: ಕೆಲವು ಅಡಿಕೆ ಬೆಳೆಗಾರರು ಸಾಲಗಾರರು. ಹೇಳಿಕೆಗಳಿಂದ ಈ ತೀರ್ಮಾನ ಬರುತ್ತದೆಯೇ?

ಹೌದು ಎನ್ನುವವರೇ ಹೆಚ್ಚು. ಮಲೆನಾಡಿನವರಂತೂ ಯೋಚಿಸುವುದೂ ಇಲ್ಲ, ಸಾಲ ಮಾಡಿದ ಅಡಿಕೆ ಬೆಳೆಗಾರರು ಕಣ್ಣೆದುರಿಗೇ ಇದ್ದಾರೆ. ಆದರೆ ಪ್ರಶ್ನೆ ಕೇಳಿದ್ದು ಅದನ್ನಲ್ಲ. ತೀರ್ಮಾನ ನಿಜವೇ ಎಂದು ಕೇಳಿಲ್ಲ, ಆ ಎರಡು ಹೇಳಿಕೆಗಳಷ್ಟರಿಂದಲೇ ಅದು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ. ಪರೀಕ್ಷಿಸುವ ಅತಿ ಸುಲಭದ ದಾರಿ ಪದಗಳನ್ನು ಬದಲಾಯಿಸುವುದು. ‘ಎಲ್ಲ’, ‘ಕೆಲವು’, ‘ಆದ್ದರಿಂದ’ ಇವನ್ನು ಇದ್ದಲ್ಲೇ ಬಿಟ್ಟು ಮೂರು ಹೆಸರುಗಳನ್ನು ಮಾತ್ರ ಬದಲಿಸಿ: ಎಲ್ಲ ಬೆಕ್ಕುಗಳು ಪ್ರಾಣಿಗಳು, ಕೆಲವು ಪ್ರಾಣಿಗಳು ನಾಯಿಗಳು, ಆದ್ದರಿಂದ ಕೆಲವು ಬೆಕ್ಕುಗಳು ನಾಯಿಗಳು. ಎರಡೂ ಹೇಳಿಕೆ ನಿಜ, ತೀರ್ಮಾನ ಸುಳ್ಳು. ಅಚ್ಚು ಅದೇ, ಎರಕ ಹೊಯ್ದ ವಸ್ತು ಬೇರೆ. ಒಂದು ಕಡೆ ಕೈಕೊಟ್ಟ ಅಚ್ಚನ್ನು ಎಲ್ಲಿಯೂ ನಂಬುವಂತಿಲ್ಲ.

ಪರೀಕ್ಷೆ ಬರೆಯುವವರಿಗೆ ‘ಸಿಂಧುತ್ವ ಪ್ರಮಾಣಪತ್ರ’ ಗೊತ್ತು. ತರ್ಕದಲ್ಲಿಯೂ ಇದೇ ಪದ ಬಳಸುತ್ತೇವೆ. ಆಧಾರವಾಕ್ಯಗಳೆಲ್ಲ, ಅಂದರೆ ಕೊಟ್ಟ ಹೇಳಿಕೆಗಳೆಲ್ಲ, ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವುದು ಸಾಧ್ಯವೇ ಇಲ್ಲದಂತಿದ್ದರೆ ಆ ವಾದ ಸಿಂಧು. ಸತ್ಯ–ಸುಳ್ಳು ಎನ್ನುವುದು ಒಂದೊಂದು ವಾಕ್ಯಕ್ಕೆ ಸೇರಿದ ಗುಣ, ಸಿಂಧು–ಅಸಿಂಧು ಎನ್ನುವುದು ವಾಕ್ಯಗಳ ನಡುವಿನ ಕೊಂಡಿಗೆ ಸೇರಿದ್ದು. ‘ಎಲ್ಲ ಮೀನುಗಳೂ ಮರ ಹತ್ತುತ್ತವೆ; ಬಂಗುಡೆ ಒಂದು ಮೀನು; ಆದ್ದರಿಂದ ಬಂಗುಡೆ ಮರ ಹತ್ತುತ್ತದೆ’ ಎಂಬ ವಾದ ಪೂರ್ತಿ ಸಿಂಧು. ಮೊದಲ ವಾಕ್ಯ ಸುಳ್ಳಾದ್ದರಿಂದ ತೀರ್ಮಾನವೂ ಸುಳ್ಳಾಯಿತು, ಅಷ್ಟೇ. ಅಡಿಕೆಯ ವಾದದಲ್ಲಿ ಮೂರು ವಾಕ್ಯಗಳೂ ನಿಜ, ಆದರೂ ವಾದ ಅಸಿಂಧು. ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ತರ್ಕಶಾಸ್ತ್ರದ ಅರ್ಧ ಭಾಗ ಬಂದಂತೆ.

ಈಗ ಚಿತ್ರಗಳ ವಿಷಯ. ತರಬೇತಿ ತರಗತಿಗಳಲ್ಲಿ ‘ವೆನ್ ಚಿತ್ರ’ ಎಂದು ಹೇಳಿಕೊಡುವುದು ಹೆಚ್ಚಾಗಿ 18ನೇ ಶತಮಾನದ ಗಣಿತಜ್ಞ ಆಯ್ಲರ್ ಬಳಸಿದ ಬಗೆಯ ವೃತ್ತಗಳು. ‘ಎಲ್ಲ ಅಡಿಕೆ ಬೆಳೆಗಾರರು ರೈತರು’ ಎಂದಾಗ ದೊಡ್ಡ ವೃತ್ತದೊಳಗೆ ಸಣ್ಣ ವೃತ್ತ ಬರೆಯುತ್ತಾರೆ. ‘ಕೆಲವು ರೈತರು ಸಾಲಗಾರರು’ ಎಂದಾಗ ದೊಡ್ಡ ವೃತ್ತವನ್ನು ಕತ್ತರಿಸುವಂತೆ ಮೂರನೆಯದು. ಕೈಯ ಅಭ್ಯಾಸಕ್ಕೆ ಅದು ಒಳಗಿನ ಸಣ್ಣ ವೃತ್ತವನ್ನೂ ತಾಗಿಬಿಡುತ್ತದೆ. ಚಿತ್ರ ನೋಡಿ ‘ಹೌದು, ಬರುತ್ತದೆ’ ಎಂದು ಬರೆಯುತ್ತಾರೆ. ಅದೇ ಮೂರನೇ ವೃತ್ತವನ್ನು ದೊಡ್ಡ ವೃತ್ತದ ಇನ್ನೊಂದು ಮಗ್ಗುಲಿಗೆ, ಸಣ್ಣ ವೃತ್ತಕ್ಕೆ ತಾಗದಂತೆ ಎಳೆದಿದ್ದರೂ ಎರಡೂ ಹೇಳಿಕೆಗಳು ನಿಜವಾಗಿಯೇ ಉಳಿಯುತ್ತಿದ್ದವು. ಒಂದು ಚಿತ್ರ ತೋರಿಸುವುದು ‘ಹೀಗೂ ಇರಬಹುದು’ ಎಂಬುದನ್ನು ಮಾತ್ರ. ತೀರ್ಮಾನ ಬರುತ್ತದೆ ಎನ್ನಬೇಕಾದರೆ ಹೇಳಿಕೆಗಳಿಗೆ ಹೊಂದುವ ಎಲ್ಲ ಚಿತ್ರಗಳಲ್ಲೂ ಅದು ಉಳಿಯಬೇಕು. ಹಾಗಾಗಿ ಆಯ್ಲರ್ ವೃತ್ತ ಬಳಸುವವರು ತೀರ್ಮಾನವನ್ನು ಕೆಡಿಸುವ ಚಿತ್ರ ಬರೆಯಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಬರೆಯಲಾದರೆ ಅಲ್ಲಿಗೆ ತೀರ್ಮಾನ ಬಿತ್ತು.

ಇಂಗ್ಲೆಂಡಿನ ಜಾನ್ ವೆನ್ 1880ರಲ್ಲಿ ಪ್ರಕಟಿಸಿದ ಚಿತ್ರಕ್ಕೆ ಈ ತೊಂದರೆಯಿಲ್ಲ, ಯಾಕೆಂದರೆ ಅಲ್ಲಿ ವೃತ್ತಗಳನ್ನು ಎಲ್ಲಿ ಎಳೆಯಬೇಕು ಎಂಬ ಆಯ್ಕೆಯೇ ಇಲ್ಲ. ಪ್ರತಿ ಬಾರಿಯೂ ಮೂರು ವೃತ್ತಗಳನ್ನು ಒಂದರ ಮೇಲೊಂದು ಹಾಯುವಂತೆ ಒಂದೇ ರೀತಿ ಬರೆಯಬೇಕು. ಹೊರಗಿನ ಜಾಗವೂ ಸೇರಿ 8 ಭಾಗಗಳಾಗುತ್ತವೆ. ‘ಎಲ್ಲ’ ಮತ್ತು ‘ಯಾವುದೂ ಅಲ್ಲ’ ಎಂಬ ಹೇಳಿಕೆಗಳು ಯಾವ ಭಾಗ ಖಾಲಿ ಎಂದು ತಿಳಿಸುತ್ತವೆ, ಆ ಭಾಗಕ್ಕೆ ಗೆರೆ ಎಳೆದು ಮಸುಕು ಮಾಡಬೇಕು. ‘ಕೆಲವು’ ಎಂಬ ಹೇಳಿಕೆ ಎಲ್ಲೋ ಒಬ್ಬರಾದರೂ ಇದ್ದಾರೆ ಎಂದು ತಿಳಿಸುತ್ತದೆ, ಅಲ್ಲಿ ಒಂದು ಗುಣಿಸು ಚಿಹ್ನೆ ಹಾಕಬೇಕು. ಮಸುಕು ಮಾಡುವ ಕೆಲಸ ಮೊದಲು, ಗುಣಿಸು ಚಿಹ್ನೆ ಆಮೇಲೆ. ಹೇಳಿಕೆಗಳು ಪ್ರಶ್ನೆಯಲ್ಲಿ ಯಾವ ಕ್ರಮದಲ್ಲಿದ್ದರೂ ಈ ಕ್ರಮ ತಪ್ಪಬಾರದು.

ಅಡಿಕೆಯ ಪ್ರಶ್ನೆಗೆ ಹೀಗೆ ಮಾಡಿ ನೋಡಿ. ಅಡಿಕೆ ಬೆಳೆಗಾರರ ವೃತ್ತದಲ್ಲಿ ರೈತರ ವೃತ್ತದ ಹೊರಗೆ ಉಳಿಯುವ ಎರಡು ತುಂಡುಗಳನ್ನು ಮಸುಕು ಮಾಡಿ. ಈಗ ‘ಕೆಲವು ರೈತರು ಸಾಲಗಾರರು’. ರೈತರ ವೃತ್ತವೂ ಸಾಲಗಾರರ ವೃತ್ತವೂ ಕೂಡುವಲ್ಲಿ ಎರಡು ತುಂಡುಗಳಿವೆ, ಒಂದು ಅಡಿಕೆಯವರ ಒಳಗೆ, ಇನ್ನೊಂದು ಹೊರಗೆ. ಎರಡೂ ಮಸುಕಾಗಿಲ್ಲ. ಯಾವುದರಲ್ಲಿ ಹಾಕಬೇಕೆಂದು ಹೇಳಿಕೆ ತಿಳಿಸಿಲ್ಲವಾದ್ದರಿಂದ ಗುಣಿಸು ಚಿಹ್ನೆ ಎರಡರ ನಡುವಿನ ಗೆರೆಯ ಮೇಲೆಯೇ ಕೂರುತ್ತದೆ. ತೀರ್ಮಾನಕ್ಕೆ ಅದು ಅಡಿಕೆಯವರ ಒಳಗೇ ಬೀಳಬೇಕಿತ್ತು. ಗೆರೆಯ ಮೇಲಿದೆ ಎಂದರೆ ಗೊತ್ತಿಲ್ಲ ಎಂದರ್ಥ, ತೀರ್ಮಾನ ಬರುವುದಿಲ್ಲ. ನಮ್ಮ ಮಕ್ಕಳು ಎಡವುವುದು ಇಲ್ಲೇ: ಗೆರೆಯ ಮೇಲೆ ಹಾಕಲು ಮನಸ್ಸೊಪ್ಪದೆ ನಡುಮಧ್ಯದ ತುಂಡಿನಲ್ಲಿ ಹಾಕಿಬಿಡುತ್ತಾರೆ, ಹೇಳಿಕೆಯಲ್ಲಿ ಇಲ್ಲದ ಸುದ್ದಿಯನ್ನು ತಾವೇ ಸೇರಿಸಿದಂತಾಗುತ್ತದೆ.

ಎರಡನೇ ಹೇಳಿಕೆಯನ್ನು ‘ಕೆಲವು ಸಾಲಗಾರರು ಅಡಿಕೆ ಬೆಳೆಗಾರರು’ ಎಂದು ಬದಲಿಸಿ, ತೀರ್ಮಾನ ‘ಕೆಲವು ಸಾಲಗಾರರು ರೈತರು’ ಎಂದಿರಲಿ. ಸಾಲಗಾರರೂ ಅಡಿಕೆಯವರೂ ಕೂಡುವ ಎರಡು ತುಂಡುಗಳಲ್ಲಿ ಒಂದು ಆಗಲೇ ಮಸುಕಾಗಿದೆ. ಗುಣಿಸು ಚಿಹ್ನೆಗೆ ಉಳಿದಿರುವುದು ನಡುವಿನ ತುಂಡೊಂದೇ, ಅದು ರೈತರ ವೃತ್ತದ ಒಳಗಿದೆ. ತೀರ್ಮಾನ ತಾನಾಗಿಯೇ ಚಿತ್ರದಲ್ಲಿ ಮೂಡಿತು. ಮಸುಕು ಮಾಡುವ ಮೊದಲೇ ಚಿಹ್ನೆ ಹಾಕಿದ್ದವರು ಅದನ್ನು ಗೆರೆಯ ಮೇಲೆ ಹಾಕಿ ‘ಬರುವುದಿಲ್ಲ’ ಎಂದು ಬರೆದಿರುತ್ತಿದ್ದರು. ಕ್ರಮ ಮುಖ್ಯ ಎಂದದ್ದು ಇದಕ್ಕೇ.

ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಇಂಥ ಎರಡು ಹೇಳಿಕೆ–ಒಂದು ತೀರ್ಮಾನದ ವಾದಗಳನ್ನು ವಿಂಗಡಿಸಲು ಹೊರಟ. ಅವನ ಹಿಂದೆ ಬಂದವರು ಲೆಕ್ಕ ಹಾಕಿದಂತೆ ಒಟ್ಟು 256 ಅಚ್ಚುಗಳಿವೆ. ಅದರಲ್ಲಿ ಸಿಂಧುವಾದವು ಹಳೆಯ ಲೆಕ್ಕದಲ್ಲಿ 24, ಇಂದಿನ ಲೆಕ್ಕದಲ್ಲಿ 15. ಹತ್ತಕ್ಕೊಂದೂ ಬೀಳುವುದಿಲ್ಲ! ಆದರೆ ಕಿವಿಗೆ ಸರಿ ಎನಿಸುವವು ಬಹಳ. ಹೇಳಿಕೆಯಲ್ಲಿ ‘ಕೆಲವು’ ಇದ್ದರೆ ‘ಕೆಲವು’ ಎಂಬ ತೀರ್ಮಾನ, ‘ಅಲ್ಲ’ ಇದ್ದರೆ ‘ಅಲ್ಲ’ ಎಂಬ ತೀರ್ಮಾನ ನಮಗೆ ಒಪ್ಪಿಗೆಯಾಗಿಬಿಡುತ್ತದೆ ಎಂದು 1935ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞರು ಗುರುತಿಸಿದ್ದರು. ‘ಕೆಲವು ಬಂದರೆ ಕೆಲವು ಹಾಕು’ ಎಂಬ ಶಾರ್ಟ್‌ಕಟ್ ಹೇಳಿಕೊಡುವವರು ಅದೇ ತಪ್ಪನ್ನು ನಿಯಮ ಮಾಡಿ ಕಲಿಸುತ್ತಿದ್ದಾರೆ.

24 ಮತ್ತು 15ರ ವ್ಯತ್ಯಾಸ ಪರೀಕ್ಷೆಗೂ ಸಂಬಂಧಪಟ್ಟದ್ದು. ‘ಎಲ್ಲ ಎ ಬಿ’ ಎಂದರೆ ‘ಕೆಲವು ಎ ಬಿ’ ಎಂದು ಹೇಳಬಹುದೇ? ಹಳೆಯ ತರ್ಕ ಹೇಳಬಹುದು ಎನ್ನುತ್ತದೆ, ಇಂದಿನದು ಒಪ್ಪುವುದಿಲ್ಲ. ‘ಅನುಮತಿಯಿಲ್ಲದೆ ಒಳಬಂದವರೆಲ್ಲರಿಗೂ ದಂಡ’ ಎಂಬ ಫಲಕ ನೋಡಿ. ಈವರೆಗೆ ಒಬ್ಬರೂ ಒಳಬಂದಿಲ್ಲದಿದ್ದರೂ ಫಲಕದ ಮಾತು ಸುಳ್ಳಾಗುವುದಿಲ್ಲ. ಆದರೆ ‘ಒಳಬಂದ ಕೆಲವರಿಗೆ ದಂಡ ಬಿದ್ದಿದೆ’ ಎಂದರೆ ಸುಳ್ಳು. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳು ಸಾಮಾನ್ಯವಾಗಿ ಹಳೆಯ ಲೆಕ್ಕದಲ್ಲೇ ನಡೆಯುತ್ತವೆ, ಹೇಳಿದ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇದ್ದಾರೆ ಎಂದು ಇಟ್ಟುಕೊಂಡು. ಅದನ್ನು ಪ್ರಶ್ನೆಯ ಮೇಲೆ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ತಕರಾರೇ ಉಳಿಯುವುದಿಲ್ಲ.

‘I ಅಥವಾ II’ ಎಂಬ ಆಯ್ಕೆಯಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. ಅಡಿಕೆಯ ಪ್ರಶ್ನೆಗೆ ತೀರ್ಮಾನ I ‘ಕೆಲವು ಅಡಿಕೆ ಬೆಳೆಗಾರರು ಸಾಲಗಾರರು’, II ‘ಯಾವ ಅಡಿಕೆ ಬೆಳೆಗಾರನೂ ಸಾಲಗಾರನಲ್ಲ’ ಎಂದು ಕೊಟ್ಟರೆ ಒಂದೊಂದಾಗಿ ಎರಡೂ ಬರುವುದಿಲ್ಲ. ಆದರೆ ಎರಡರಲ್ಲಿ ಒಂದು ನಿಜವಾಗಲೇಬೇಕು, ಮೂರನೆಯದಕ್ಕೆ ಜಾಗವಿಲ್ಲ. ಉತ್ತರ ‘I ಅಥವಾ II’. ಇದು ಸಲ್ಲುವುದು ಒಂದನ್ನೊಂದು ಪೂರ್ತಿ ಅಲ್ಲಗಳೆಯುವ ಜೋಡಿಗೆ ಮಾತ್ರ: ‘ಕೆಲವು ಹೌದು’ಗೆ ‘ಯಾವುದೂ ಅಲ್ಲ’, ‘ಎಲ್ಲವೂ ಹೌದು’ಗೆ ‘ಕೆಲವು ಅಲ್ಲ’. ‘ಎಲ್ಲ ಬಸ್ಸೂ ತಡ’, ‘ಯಾವ ಬಸ್ಸೂ ತಡವಿಲ್ಲ’ ಎಂಬ ಜೋಡಿ ಎದುರಾಳಿಗಳಂತೆ ಕಂಡರೂ ಹತ್ತರಲ್ಲಿ ಮೂರು ಬಸ್ಸು ತಡವಾದ ದಿನ ಎರಡೂ ಸುಳ್ಳು.

ಇನ್ನು ಕನ್ನಡದ ಮಾತು. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪುಗಳಾಗಿ, ಅದೇ ವರ್ಷ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಗಿ ಬಂದದ್ದು ಎಲ್ಲರಿಗೂ ನೆನಪಿದೆ. ಬೇರೆ ವಿಷಯದಲ್ಲಿ ಅನುವಾದ ಒರಟಾದರೆ ಓದುವವರು ಹೇಗೋ ಅರ್ಥ ಹಿಡಿಯುತ್ತಾರೆ. ತರ್ಕದ ಪ್ರಶ್ನೆಯಲ್ಲಿ ಒಂದು ‘ಊ’ಕಾರ ಆಚೀಚೆಯಾದರೆ ಸರಿ ಉತ್ತರವೇ ಬದಲಾಗುತ್ತದೆ.

‘ಎಲ್ಲ ಮಾವಿನಹಣ್ಣುಗಳೂ ಸಿಹಿಯಾಗಿಲ್ಲ’ ಎಂದು ಅಚ್ಚು ಮಾಡಿದರೆ ಏನರ್ಥ? ಒಂದೂ ಸಿಹಿಯಿಲ್ಲವೇ, ಕೆಲವು ಹುಳಿಯಿವೆಯೇ? ಮಾತಿನಲ್ಲಾದರೆ ಗೊಂದಲವಿಲ್ಲ. ಹಾಜರಿ ಕರೆದ ಮೇಷ್ಟರು ‘ಎಲ್ಲರೂ ಬಂದಿಲ್ಲ’ ಎಂದರೆ ಕೆಲವರು ತಪ್ಪಿಸಿಕೊಂಡಿದ್ದಾರೆ ಎಂದೇ ತಿಳಿಯುತ್ತೇವೆ, ತರಗತಿ ಖಾಲಿ ಇದ್ದರೆ ಅವರು ‘ಯಾರೂ ಬಂದಿಲ್ಲ’ ಎನ್ನುತ್ತಾರೆ. ದನಿಯ ಏರಿಳಿತ, ಸಂದರ್ಭ ಎರಡೂ ನೆರವಿಗೆ ಬರುತ್ತವೆ. ಅಚ್ಚಿನಲ್ಲಿ ಅವಿಲ್ಲ. ದಾರಿ ನಮ್ಮ ಭಾಷೆಯಲ್ಲೇ ಇದೆ: ಒಂದೂ ಇಲ್ಲ ಎನ್ನಲು ‘ಯಾವ ಹಣ್ಣೂ ಸಿಹಿಯಲ್ಲ’ ಎಂದು ಬರೆಯಿರಿ, ಉಳಿದದ್ದಕ್ಕೆ ‘ಕೆಲವು ಹಣ್ಣುಗಳು ಸಿಹಿಯಲ್ಲ’ ಎಂದು ಬರೆಯಿರಿ. ‘ಎಲ್ಲ’ ಮತ್ತು ‘ಅಲ್ಲ’ ಒಂದೇ ವಾಕ್ಯದಲ್ಲಿ ಬರದಂತೆ ನೋಡಿಕೊಂಡರೆ ಸಾಕು, ಈ ಗೊಂದಲ ಹುಟ್ಟುವುದೇ ಇಲ್ಲ.

‘ಕೆಲವು’ ಎಂಬ ಪದಕ್ಕೂ ಮಾತಿನಲ್ಲಿ ಒಂದರ್ಥ, ತರ್ಕದಲ್ಲಿ ಇನ್ನೊಂದು. ‘ಚಿಪ್ಪಿನಲ್ಲಿ ಕೆಲವು ಬಾಳೆಹಣ್ಣು ಕೊಳೆತಿವೆ’ ಎಂದರೆ ಉಳಿದವು ಚೆನ್ನಾಗಿವೆ ಎಂದೇ ಕೇಳುವವರು ಭಾವಿಸುತ್ತಾರೆ. ತರ್ಕದ ‘ಕೆಲವು’ ಹೇಳುವುದು ಕಡಿಮೆಯೆಂದರೆ ಒಂದು ಎಂದಷ್ಟೇ, ಎಲ್ಲವೂ ಕೊಳೆತಿದ್ದರೂ ಅದು ನಿಜ. ‘ಕೆಲವು ಎ ಬಿ’ ಕೊಟ್ಟಾಗ ‘ಕೆಲವು ಎ ಬಿ ಅಲ್ಲ’ ಎಂದು ಗುರುತು ಹಾಕುವ ತಪ್ಪು ಇಲ್ಲಿಂದ ಹುಟ್ಟುತ್ತದೆ. ‘ಅಥವಾ’ದ ಕಥೆಯೂ ಹೀಗೆಯೇ. ‘ಡಿಪ್ಲೊಮಾ ಅಥವಾ ಐಟಿಐ ಆಗಿರಬೇಕು’ ಎಂಬ ಅಧಿಸೂಚನೆ ಎರಡೂ ಓದಿದವರನ್ನು ಹೊರಗಿಡುವುದಿಲ್ಲ.

‘-ದರೆ’ ಎಂಬ ಪ್ರತ್ಯಯದ ವಿಷಯಕ್ಕೆ ಬಂದರೆ ಕನ್ನಡದಷ್ಟು ಅನುಕೂಲ ಭಾಷೆ ಇನ್ನೊಂದಿಲ್ಲ ಎನಿಸುತ್ತದೆ ನನಗೆ. ‘ಮಳೆ ಬಂದರೆ ಸಾಕು, ಕರೆಂಟು ಹೋಗುತ್ತದೆ’ ಎನ್ನುತ್ತೇವೆ. ಮಳೆಯೊಂದೇ ಸಾಕು, ಆದರೆ ಕರೆಂಟು ಹೋಗಲು ಮಳೆಯೇ ಬೇಕೆಂದಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟರೂ ಹೋದೀತು. ‘ಮಳೆ ಬಂದರೆ ಮಾತ್ರ ಕೆರೆ ತುಂಬುತ್ತದೆ’ ಎಂದೂ ಎನ್ನುತ್ತೇವೆ. ಮಳೆ ಬೇಕೇ ಬೇಕು, ಆದರೆ ಮಳೆಯೊಂದೇ ಸಾಲದು, ತೂಬು ಒಡೆದಿದ್ದರೆ ನೀರು ನಿಲ್ಲುವುದಿಲ್ಲ. ತರ್ಕಶಾಸ್ತ್ರ ಪುಟಗಟ್ಟಲೆ ವಿವರಿಸುವ ಎರಡು ಬಗೆಯ ಷರತ್ತು ‘ಸಾಕು’, ‘ಮಾತ್ರ’ ಎಂಬ ಎರಡು ಮಾತಿನಲ್ಲಿ ಬಂದುಬಿಟ್ಟಿತು. ‘ಹಾಜರಾತಿ ಶೇ 75 ಇದ್ದರೆ ಮಾತ್ರ ಪರೀಕ್ಷೆಗೆ ಪ್ರವೇಶ’ ಎಂಬ ಸೂಚನೆಯನ್ನು ‘ಶೇ 75 ಇದ್ದರೆ ಸಾಕು’ ಎಂದು ಓದಿಕೊಂಡ ವಿದ್ಯಾರ್ಥಿ ಶುಲ್ಕ ಕಟ್ಟದೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ‘ಪದವೀಧರರು ಮಾತ್ರ ಅರ್ಜಿ ಹಾಕಬಹುದು’ ಎಂದಾಗಲೂ ಅಷ್ಟೇ: ಅರ್ಜಿ ಹಾಕಬಲ್ಲವರೆಲ್ಲ ಪದವೀಧರರು, ಪದವೀಧರರೆಲ್ಲರೂ ಅರ್ಜಿ ಹಾಕಬಲ್ಲವರಲ್ಲ, ವಯಸ್ಸು ಮೀರಿರಬಹುದು. (ಎಲ್ಲ–ಅಲ್ಲ ಸೇರಬಾರದು ಎಂದ ನಾನೇ ಇಲ್ಲಿ ಸೇರಿಸಿದೆನಾದ್ದರಿಂದ ತಿದ್ದಿ ಬರೆಯುತ್ತೇನೆ: ಕೆಲವು ಪದವೀಧರರು ಅರ್ಜಿ ಹಾಕುವಂತಿಲ್ಲ.)

ಷರತ್ತಿನ ವಾಕ್ಯದಿಂದ ನಾಲ್ಕು ಕಡೆಗೆ ಹೆಜ್ಜೆ ಇಡಬಹುದು, ಎರಡು ಗಟ್ಟಿ ನೆಲ, ಎರಡು ಕುಸಿಯುವ ನೆಲ. ಮಳೆಗಾಲದಲ್ಲಿ ಮನೆಮನೆಯಲ್ಲೂ ಬಳಕೆಯಾಗುವ ಉದಾಹರಣೆ ತೆಗೆದುಕೊಳ್ಳೋಣ. ‘ಎನ್‌ಎಸ್1 ಪರೀಕ್ಷೆ ಪಾಸಿಟಿವ್ ಬಂದರೆ ಡೆಂಗಿ ಇದೆ’ ಎಂಬುದನ್ನು ಸದ್ಯಕ್ಕೆ ನಿಜವೆಂದು ಇಟ್ಟುಕೊಳ್ಳಿ. ಪಾಸಿಟಿವ್ ಬಂದಿದೆ, ಆದ್ದರಿಂದ ಡೆಂಗಿ: ಸಿಂಧು. ಡೆಂಗಿ ಇಲ್ಲ ಎಂದು ಬೇರೆ ದಾರಿಯಿಂದ ಖಚಿತವಾಗಿದೆ, ಆದ್ದರಿಂದ ಪಾಸಿಟಿವ್ ಬರುವುದಿಲ್ಲ: ಇದೂ ಸಿಂಧು. ನೆಗೆಟಿವ್ ಬಂದಿದೆ, ಆದ್ದರಿಂದ ಡೆಂಗಿ ಇಲ್ಲ: ಅಸಿಂಧು, ಅಪಾಯಕಾರಿಯೂ ಹೌದು. ಎನ್‌ಎಸ್1 ಎಂಬ ಡೆಂಗಿ ವೈರಸ್ಸಿನ ಪ್ರೋಟೀನ್ ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ಕೆಲವು ದಿನಗಳಲ್ಲಿ. ಐದಾರು ದಿನ ಕಳೆದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು, ಆಗ ವೈದ್ಯರು ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಗೆ ಹೇಳುತ್ತಾರೆ. ನಾಲ್ಕನೆಯದು ತಿರುಗುಮುರುಗು: ‘ಡೆಂಗಿ ಬಂದರೆ ಪ್ಲೇಟ್‌ಲೆಟ್ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿದಿದೆ, ಆದ್ದರಿಂದ ಡೆಂಗಿ’. ಅದೂ ಅಸಿಂಧು, ಬೇರೆ ವೈರಲ್ ಜ್ವರಗಳಲ್ಲೂ, ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಈ ಕೊನೆಯ ಎರಡು ತಪ್ಪುಗಳು ನಮ್ಮ ವಾಟ್ಸ್‌ಆ್ಯಪ್ ಆರೋಗ್ಯ ಸಲಹೆಗಳ ತುಂಬ ಹರಿದಾಡುತ್ತಿವೆ.

ಇದೇ ತಪ್ಪನ್ನು ಅಳೆಯಲು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ನಾಲ್ಕು ಕಾರ್ಡಿನ ಒಂದು ಒಗಟು ರಚಿಸಿದರು. ಕನ್ನಡದಲ್ಲಿ ಅದನ್ನು ಹೀಗೆ ಮಾಡಿಕೊಳ್ಳಬಹುದು. ಪ್ರತಿ ಕಾರ್ಡಿನ ಒಂದು ಮುಖದಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ಮೇಜಿನ ಮೇಲೆ ಕಾಣುತ್ತಿರುವುದು ಅ, ಕ, 4, 7. ನಿಯಮ: ಒಂದು ಮುಖದಲ್ಲಿ ಸ್ವರ ಇದ್ದರೆ ಇನ್ನೊಂದರಲ್ಲಿ ಸಮಸಂಖ್ಯೆ ಇರಬೇಕು. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ಮಗುಚಬೇಕು? ಹೆಚ್ಚಿನವರು ‘ಅ’ ಮತ್ತು ‘4’ ಎನ್ನುತ್ತಾರೆ. 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ, ವ್ಯಂಜನದ ಹಿಂದೆ ಸಮಸಂಖ್ಯೆ ಇರಬಾರದೆಂದು ಯಾರೂ ಹೇಳಿಲ್ಲ. ಮಗುಚಬೇಕಾದದ್ದು ‘ಅ’ ಮತ್ತು ‘7’, ಯಾಕೆಂದರೆ 7ರ ಹಿಂದೆ ಸ್ವರ ಇದ್ದರೆ ನಿಯಮ ಮುರಿದಂತೆ. ಈ ಬಗೆಯ ಕಾರ್ಡುಗಳಲ್ಲಿ ಸರಿ ಉತ್ತರ ಕೊಡುವವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರೂ ಕಷ್ಟ.

ಅದೇ ಒಗಟನ್ನು ರಸ್ತೆಗೆ ತನ್ನಿ. ನಿಯಮ: ಗೇರ್ ಇರುವ ಬೈಕ್ ಓಡಿಸುತ್ತಿದ್ದರೆ 18 ತುಂಬಿರಬೇಕು. ಪೊಲೀಸರ ಮುಂದೆ ನಾಲ್ವರು: ಬೈಕ್ ಓಡಿಸಿಕೊಂಡು ಬಂದವನು, ಬಸ್ಸಿನಲ್ಲಿ ಬಂದವನು, 22 ವರ್ಷದವನು, 16 ವರ್ಷದವನು. ಯಾರನ್ನು ವಿಚಾರಿಸಬೇಕು? ಬೈಕಿನವನ ವಯಸ್ಸು, 16ರವನು ಬಂದದ್ದು ಹೇಗೆ ಎಂಬುದು. 22ರವನು ಹೇಗೆ ಬಂದರೂ ಚಿಂತೆಯಿಲ್ಲ. ಯಾರಿಗೂ ಕಷ್ಟವಾಗುವುದಿಲ್ಲ. 1982ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮದ್ಯ ಕುಡಿಯುವ ವಯಸ್ಸಿನ ನಿಯಮ ಇಟ್ಟುಕೊಂಡು ಇದೇ ಪರೀಕ್ಷೆ ಮಾಡಿದಾಗ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಸರಿ ಉತ್ತರ ಕೊಟ್ಟರು. ಕಲಿಸುವವರಿಗೆ ಇದರಿಂದ ಬಹಳ ಉಪಯೋಗವಿದೆ. ಮೊದಲು ಬೈಕು, ಬಸ್ಸು, ರೇಷನ್ ಕಾರ್ಡಿನಂಥ ನಿಯಮದಿಂದ ಶುರು ಮಾಡಿ, ಸರಿ ಉತ್ತರ ಯಾಕೆ ಸರಿ ಎಂದು ಮಕ್ಕಳ ಬಾಯಿಂದಲೇ ಹೇಳಿಸಿ, ಆಮೇಲೆ ಎ, ಬಿ, ಸಿಗೆ ಹೋಗಬೇಕು. ಈಗ ನಡೆಯುತ್ತಿರುವುದು ಉಲ್ಟಾ.

ಇವೆಲ್ಲ ಪರದೇಶದ ಸರಕು ಎಂದು ಯಾರಾದರೂ ಅಂದಾರು. ಆದರೆ ನಮ್ಮಲ್ಲಿಯ ಪ್ರಾಚೀನ ತರ್ಕಗ್ರಂಥ, ಗೌತಮ ಮುನಿಯ ನ್ಯಾಯಸೂತ್ರ, ಐದು ಅಂಗಗಳ ವಾದವನ್ನು ಕೊಟ್ಟಿದೆ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಎದುರಿಗಿರುವುದಕ್ಕೆ ಹೊಂದಿಸುವುದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆಂದರೆ ಹೊಗೆಯಿದೆ, ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ‘ಎಲ್ಲೆಲ್ಲಿ–ಅಲ್ಲಲ್ಲಿ’ ಎಂಬ ಈ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ಪಂಡಿತರು, ರೂಪವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ಉದಾಹರಣೆ ಕೊಡು ಎಂದು ಪಟ್ಟು ಹಿಡಿದರು. ಹಾಗಾಗಿ ಬಂಗುಡೆ ಮರ ಹತ್ತುವ ವಾದ ಅವರ ಮುಂದೆ ನಿಲ್ಲುವುದೇ ಇಲ್ಲ. ಪಾಶ್ಚಾತ್ಯ ತರ್ಕ ಸಿಂಧುತ್ವವನ್ನು ಸತ್ಯದಿಂದ ಬಿಡಿಸಿ ನೋಡಿತು, ನ್ಯಾಯದರ್ಶನ ಎರಡನ್ನೂ ಒಟ್ಟಿಗೇ ತೂಗಿತು. ವಿದ್ಯಾರ್ಥಿಗೆ ಎರಡೂ ಬೇಕು.

ವ್ಯಾಪ್ತಿಯನ್ನು ತಿರುಗಿಸಬಾರದು ಎಂಬುದಕ್ಕೆ ಅವರು ಕೊಟ್ಟ ನಿದರ್ಶನಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ‘ಎಲ್ಲೆಲ್ಲಿ ಬೆಂಕಿಯೋ ಅಲ್ಲಲ್ಲಿ ಹೊಗೆ’ ಎನ್ನಬಹುದೇ? ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡು, ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಗೆ ಹಸಿ ಸೌದೆ ಕೂಡಬೇಕು. ಹೇಳದೆ ಒಳಗೆ ಸೇರಿಕೊಂಡಿದ್ದ ಈ ಹಸಿ ಸೌದೆಯಂಥ ಷರತ್ತಿಗೆ ಅವರು ‘ಉಪಾಧಿ’ ಎಂದು ಹೆಸರಿಟ್ಟರು. ಹೇತುವೇ ಇಲ್ಲದ ಇನ್ನೊಂದು ದೋಷವುಂಟು: ಬೆಟ್ಟದ ತುದಿಯ ಮಂಜನ್ನು ಹೊಗೆಯೆಂದು ತಿಳಿದು ಬೆಂಕಿ ಎಂದು ಕೂಗುವುದು. ಅದು ಅಸಿದ್ಧ. ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎಂದು ಊರ ಗುಲ್ಲನ್ನು ಯಾರದೋ ತಲೆಗೆ ಕಟ್ಟುವವರ ವಾದದಲ್ಲಿರುವುದು ಇದೇ ದೋಷ. ಗಾದೆ ಸರಿಯಾಗಿಯೇ ಇದೆ, ಗುಲ್ಲು ಹೊಗೆಯೇ ಎಂಬುದನ್ನು ಮಾತ್ರ ಯಾರೂ ಸಾಧಿಸಿರುವುದಿಲ್ಲ.

ಇದನ್ನೆಲ್ಲ ಕಲಿಯಲು ನಮ್ಮ ಮಕ್ಕಳಿಗೆ ಇರುವ ಜಾಗ ಎಷ್ಟು? ಪಿಯುಸಿಯಲ್ಲಿ ತರ್ಕಶಾಸ್ತ್ರ ಐಚ್ಛಿಕ ವಿಷಯ, ಅದು ಇರುವ ಕಾಲೇಜಿಗೆ ಸೇರಿ ಅದನ್ನು ಆರಿಸಿಕೊಂಡವರಿಗಷ್ಟೇ ಸಿಗುತ್ತದೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಗಣಿತದಲ್ಲಿ ತಾರ್ಕಿಕ ವಿಧಾನಕ್ಕೇ ಒಂದು ಅಧ್ಯಾಯವಿತ್ತು: ಹೇಳಿಕೆಯ ನಿರಾಕರಣೆ, ‘-ದರೆ’ ವಾಕ್ಯದ ತಿರುಗುಮುರುಗು, ‘ಅಥವಾ’ದ ಎರಡು ಅರ್ಥ ಎಲ್ಲವೂ ಅಲ್ಲಿದ್ದವು. ಕೋವಿಡ್ ಬಳಿಕ ಪಠ್ಯದ ಹೊರೆ ಇಳಿಸುವಾಗ ಅದನ್ನು ಕೈಬಿಡಲಾಯಿತು. ಇಳಿಸಬೇಕಾದ ಹೊರೆ ಅದಾಗಿರಲಿಲ್ಲ. ಉಳಿದ ಅಧ್ಯಾಯಗಳ ಪ್ರಮೇಯಗಳನ್ನು ಹೊತ್ತಿದ್ದದ್ದೇ ಅದು.

ಪಠ್ಯ ಬದಲಾಗುವುದು ನಿಧಾನ. ಪತ್ರಿಕೆ ಈ ವಾರವೇ ಮಾಡಬಹುದಾದ ಕೆಲಸಗಳಿವೆ. ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಬದಲು ಕನ್ನಡದಲ್ಲೇ ರಚಿಸಿ. ‘ಕೆಲವು ಎಂದರೆ ಕಡಿಮೆಯೆಂದರೆ ಒಂದು, ಹೇಳಿದ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇದ್ದಾರೆ’ ಎಂದು ಮೇಲೆ ಒಂದು ಸಾಲು ಹಾಕಿ. ಹತ್ತು ಪ್ರಶ್ನೆಗಳ ಜಾಗದಲ್ಲಿ ಐದೇ ಕೊಡಿ, ಉಳಿದ ಜಾಗದಲ್ಲಿ ಪ್ರತಿ ಉತ್ತರಕ್ಕೂ ಎರಡು ಸಾಲು ಕಾರಣ ಬರೆಯಿರಿ. ಬರದ ತೀರ್ಮಾನಕ್ಕೆ ಅದನ್ನು ಕೆಡಿಸುವ ಒಂದು ಸನ್ನಿವೇಶ ಕೊಡಿ. ಮಾದರಿಗೆ ಒಂದನ್ನು ಕಳಿಸುತ್ತಿದ್ದೇನೆ:

ಹೇಳಿಕೆಗಳು: (1) ಯಾವ ಕೆರೆಯೂ ಖಾಸಗಿ ಆಸ್ತಿಯಲ್ಲ. (2) ಊರಿನ ಕೆಲವು ಜಾಗಗಳು ಖಾಸಗಿ ಆಸ್ತಿ.
ತೀರ್ಮಾನಗಳು: (I) ಊರಿನ ಕೆಲವು ಜಾಗಗಳು ಕೆರೆಗಳಲ್ಲ. (II) ಊರಿನ ಕೆಲವು ಜಾಗಗಳು ಕೆರೆಗಳು.

ಉತ್ತರ: I ಮಾತ್ರ ಬರುತ್ತದೆ. ಕೆರೆ ಮತ್ತು ಖಾಸಗಿ ಆಸ್ತಿ ಕೂಡುವ ಭಾಗ ಮಸುಕಾಗುತ್ತದೆ. ಊರಿನ ಜಾಗ ಮತ್ತು ಖಾಸಗಿ ಆಸ್ತಿ ಕೂಡುವಲ್ಲಿ ಹಾಕಬೇಕಾದ ಗುಣಿಸು ಚಿಹ್ನೆಗೆ ಕೆರೆಯ ವೃತ್ತದ ಹೊರಗಿನ ತುಂಡೊಂದೇ ಉಳಿಯುತ್ತದೆ. II ಬರುವುದಿಲ್ಲ, ಕೆರೆಯೇ ಇಲ್ಲದ ಊರಿನಲ್ಲಿಯೂ ಎರಡು ಹೇಳಿಕೆಗಳು ನಿಜವಾಗಿರಬಹುದು.

ಇತಿ ತಮ್ಮ ವಿಶ್ವಾಸಿ,
ತರ್ಕಶಾಸ್ತ್ರ ಉಪನ್ಯಾಸಕ,
ಶಿವಮೊಗ್ಗ